ಘಟ್ಟದ ಮೇಲಿನ ಮನೆಗೆ ಟಪಾಲು: ಪಿನ್‌ಕೋಡ್ ಮತ್ತು ಡಿಜಿಪಿನ್ ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತವೆ?

ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೊಯಿಡಾ ಕಡೆ ಮನೆಗಳು ಒಂದಕ್ಕೊಂದು ತಾಗಿಕೊಂಡಿರುವುದಿಲ್ಲ. ತೋಟದ ತಲೆಯಲ್ಲೊಂದು ಮನೆ, ನಡುವೆ ಹಳ್ಳ, ಸೊಪ್ಪಿನ ಬೆಟ್ಟ, ಅದರಾಚೆ ಇನ್ನೊಂದು ಮನೆ. ಬೀದಿಗೆ ಹೆಸರಿಲ್ಲ. ಬಾಗಿಲ ಮೇಲಿನ ಪಂಚಾಯ್ತಿ ನಂಬರು ತೆರಿಗೆ ಪುಸ್ತಕದ ಕ್ರಮದಲ್ಲಿರುತ್ತದೆ, ನಡೆಯುವ ದಾರಿಯ ಕ್ರಮದಲ್ಲಿ ಇರುವುದಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸರಾಸರಿ ಜನಸಾಂದ್ರತೆ ಚದರ ಕಿಲೋಮೀಟರಿಗೆ 319 ಇದ್ದಾಗ ಉತ್ತರ ಕನ್ನಡದ್ದು 140. ಕರಾವಳಿ ಪಟ್ಟಿಯನ್ನು ಬಿಟ್ಟು ಬರೀ ಘಟ್ಟದ ಮೇಲಿನದನ್ನು ನೋಡಿದರೆ ಇನ್ನೂ ವಿರಳ. ಇಂಥ ಜಾಗದಲ್ಲಿ ಆರು ಅಂಕಿಯ ಪಿನ್‌ಕೋಡ್ ಎಲ್ಲಿಯವರೆಗೆ ಕೈಹಿಡಿಯುತ್ತದೆ, 2025ರಲ್ಲಿ ಬಂದ, ಮನೆ ನಿಂತ ಜಾಗವನ್ನೇ ಗುರುತಿಸುವ ಹತ್ತು ಅಕ್ಷರದ ಡಿಜಿಪಿನ್ ಏನನ್ನು ಸೇರಿಸಿತು ಎಂಬುದನ್ನು ಇಲ್ಲಿ ಅಳೆದು ನೋಡಲಾಗಿದೆ.

ಅಂಕ ಮೊದಲೇ ಹೇಳಿಬಿಡಬಹುದು. ಹಳ್ಳಿಯ ಬ್ರಾಂಚ್ ಪೋಸ್ಟ್ ಆಫೀಸಿನ ಬಟವಾಡೆಗೆ ಐದರಲ್ಲಿ ನಾಲ್ಕೂವರೆ. ಪಿನ್‌ಕೋಡ್‌ಗೆ ಮೂರೂವರೆ. ಡಿಜಿಪಿನ್‌ಗೆ ಸದ್ಯಕ್ಕೆ ಮೂರು. ಇಷ್ಟು ವ್ಯತ್ಯಾಸ ಏಕೆಂದರೆ, ಪಿನ್‌ಕೋಡ್ ಅನ್ನುವುದು ಊರಿನ ಗುರುತಲ್ಲ, ಪೋಸ್ಟ್ ಆಫೀಸಿನ ಗುರುತು. ಈ ಒಂದು ವಿಷಯ ತಿಳಿಯದೆ ಬರೆದ ವಿಳಾಸಗಳೇ ಹೆಚ್ಚಾಗಿ ದಾರಿ ತಪ್ಪುತ್ತವೆ.

ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಕೇಂದ್ರ ಸಂಪರ್ಕ ಸಚಿವಾಲಯದಲ್ಲಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಅದನ್ನು ರೂಪಿಸಿದರು. ಒಂದೇ ಹೆಸರಿನ ಹಲವು ಊರು, ಹಲವು ಲಿಪಿ, ತಪ್ಪು ಕಾಗುಣಿತ, ಇವುಗಳ ನಡುವೆ ಕಾಗದ ವಿಂಗಡಿಸುವವರಿಗೆ ದಾರಿ ಸುಲಭ ಮಾಡುವುದು ಅದರ ಉದ್ದೇಶ. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. 56ರಿಂದ 59ರವರೆಗೆ ಕರ್ನಾಟಕ. ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಬಟವಾಡೆ ಮಾಡುವ ಕಚೇರಿ.

ಆ ಉದ್ದೇಶ ಎಷ್ಟು ಚೆನ್ನಾಗಿ ಈಡೇರಿದೆ ಅನ್ನುವುದಕ್ಕೆ ಸಿದ್ದಾಪುರವೇ ಸಾಕ್ಷಿ. ಉತ್ತರ ಕನ್ನಡದ ಸಿದ್ದಾಪುರ 581355, ಕುಂದಾಪುರದ ಕಡೆಯ ಸಿದ್ದಾಪುರ 576229, ಕೊಡಗಿನ ಸಿದ್ದಾಪುರ 571253. ಮೂರೂ ಮಳೆಕಾಡಿನ ಸೆರಗಿನ ಊರುಗಳೇ, ಮೂರಕ್ಕೂ ಇಂಗ್ಲಿಷಿನಲ್ಲಿ ಬರೆಯುವ ಹೆಸರು ಹೆಚ್ಚುಕಡಿಮೆ ಒಂದೇ. ಪಿನ್ ಸರಿ ಇದ್ದರೆ ಲಕೋಟೆ ಮೂರು ಬೇರೆ ಚೀಲಕ್ಕೆ ಬೀಳುತ್ತದೆ. ಪಿನ್ ಇಲ್ಲದಿದ್ದರೆ ಮಡಿಕೇರಿ ನೋಡಿಕೊಂಡು ಬಂದರೂ ಆಶ್ಚರ್ಯವಿಲ್ಲ. ಶಿರಸಿಯ ಹೆಸರಿನ ಊರು ಉತ್ತರ ಪ್ರದೇಶದಲ್ಲೂ ಇದೆ. ದೆಹಲಿಯಿಂದ ಹೊರಟ ಕಾಗದವನ್ನು ಈ ಕಡೆ ತಿರುಗಿಸುವುದು 581 ಅನ್ನುವ ಮೂರು ಅಂಕಿಗಳೇ.

ಆದರೆ 581 ಅಂದರೆ ಉತ್ತರ ಕನ್ನಡ ಎಂದುಕೊಂಡರೆ ತಪ್ಪು. ಹಾವೇರಿಯ ಪಿನ್ 581110. ಹಾಗೆಯೇ 577 ಶಿವಮೊಗ್ಗಕ್ಕೂ ಚಿಕ್ಕಮಗಳೂರಿಗೂ ದಾವಣಗೆರೆಗೂ ಚಿತ್ರದುರ್ಗಕ್ಕೂ ಸೇರಿದ್ದು: ಆಗುಂಬೆ 577411, ತೀರ್ಥಹಳ್ಳಿ 577432, ಶೃಂಗೇರಿ 577139. ಅಂಚೆಯ ಜಿಲ್ಲೆ ಬೇರೆ, ಕಂದಾಯದ ಜಿಲ್ಲೆ ಬೇರೆ. ಉತ್ತರ ಕನ್ನಡದೊಳಗೇ ಕಾರವಾರ ವಿಭಾಗ, ಶಿರಸಿ ವಿಭಾಗ ಎಂದು ಎರಡು ಅಂಚೆ ವಿಭಾಗಗಳಿವೆ. ಎರಡೂ ಧಾರವಾಡದಲ್ಲಿ ಕೇಂದ್ರವಿರುವ ಉತ್ತರ ಕರ್ನಾಟಕ ವಲಯದ ಕೆಳಗೆ ಬರುತ್ತವೆ.

ಕೊನೆಯ ಮೂರು ಅಂಕಿಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಿ. ಅಂಕೋಲಾ 314, ಬನವಾಸಿ 318, ಭಟ್ಕಳ 320, ದಾಂಡೇಲಿ 325, ಗೋಕರ್ಣ 326, ಹಳಿಯಾಳ 329, ಹೊನ್ನಾವರ 334, ಹುಲೇಕಲ್ 336, ಕುಮಟಾ 343, ಮುಂಡಗೋಡ 349, ಸಿದ್ದಾಪುರ 355, ಯಲ್ಲಾಪುರ 359. ಇಂಗ್ಲಿಷ್ ಅಕ್ಷರಮಾಲೆಯ ಕ್ರಮ ಎದ್ದು ಕಾಣುತ್ತದೆ! ಹೀಗಾಗಿ ಬನವಾಸಿ ಮತ್ತು ಭಟ್ಕಳ ಅಂಕಿಯಲ್ಲಿ ನೆರೆಹೊರೆ, ನೆಲದ ಮೇಲೆ ಒಂದು ಘಟ್ಟದ ಮೇಲೆ ವರದೆಯ ದಡದಲ್ಲಿ, ಇನ್ನೊಂದು ಕಡಲ ದಂಡೆಯಲ್ಲಿ. ಜೊಯಿಡಾ 581186, ಪಕ್ಕದ ದಾಂಡೇಲಿ 581325. ಆದ್ದರಿಂದ ಪಕ್ಕದೂರಿನ ಪಿನ್ ನೋಡಿ ನಮ್ಮದು ಒಂದು ಹೆಚ್ಚೋ ಕಡಿಮೆಯೋ ಇರಬೇಕು ಎಂದು ಅಂದಾಜಿಸುವುದು ಬೇಡವೇ ಬೇಡ. ಒಂದು ಅಂಕಿ ತಪ್ಪಿದರೆ ಕಾಗದ ಘಟ್ಟ ಇಳಿದು ಮತ್ತೆ ಹತ್ತಬೇಕಾಗುತ್ತದೆ.

ಇದಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಇನ್ನೊಂದಿದೆ: ಶಿರಸಿ ತಾಲ್ಲೂಕಿನ ಯಾವ ಹಳ್ಳಿಗಾದರೂ 581401 ಬರೆಯುವುದು. ಅದು ಶಿರಸಿಯ ಪ್ರಧಾನ ಅಂಚೆ ಕಚೇರಿಯ ಪಿನ್. ಬನವಾಸಿ ಕಡೆಯ ಹಳ್ಳಿಗೆ 581318, ಹುಲೇಕಲ್ ಕಡೆಯದಕ್ಕೆ 581336 ಬರೆಯಬೇಕು. ತಪ್ಪಾದರೂ ಕಾಗದ ಕಳೆದುಹೋಗುವುದಿಲ್ಲ. ಶಿರಸಿಗೆ ಬಂದು, ಅಲ್ಲಿ ಯಾರಾದರೂ ಊರ ಹೆಸರು ಗುರುತಿಸಿ, ತಿದ್ದಿ, ಮತ್ತೆ ಚೀಲಕ್ಕೆ ಹಾಕುತ್ತಾರೆ. ಅಷ್ಟರಲ್ಲಿ ಆ ದಿನದ ಚೀಲ ಹೊರಟಿರುತ್ತದೆ. ಸಂದರ್ಶನದ ಪತ್ರಕ್ಕೋ ಕೋರ್ಟಿನ ನೋಟಿಸಿಗೋ ಆ ಒಂದೆರಡು ದಿನವೇ ದೊಡ್ಡದು.

ಹಳ್ಳಿಯ ಬ್ರಾಂಚ್ ಆಫೀಸಿಗೆ ಪ್ರತ್ಯೇಕ ಪಿನ್ ಇಲ್ಲ. ಅದು ಯಾವ ಸಬ್ ಆಫೀಸಿನ (ಬ್ರಾಂಚುಗಳಿಗೆ ಚೀಲ ಕಳಿಸುವ ಮೇಲಿನ ಕಚೇರಿ) ಲೆಕ್ಕಕ್ಕೆ ಸೇರಿದೆಯೋ ಅದರ ಪಿನ್ನೇ ಇದಕ್ಕೂ. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಪಿನ್‌ಕೋಡ್‌ಗಳು ಸುಮಾರು 19 ಸಾವಿರ. ಅಂದರೆ ಒಂದು ಪಿನ್‌ಗೆ ಸರಾಸರಿ ಎಂಟು ಕಚೇರಿ, ಮಲೆನಾಡಿನ ಕೆಲವು ಪಿನ್‌ಗಳಿಗೆ ಅದಕ್ಕಿಂತ ಹೆಚ್ಚು. ಹಾಗಾಗಿ ಪಿನ್ ಸರಿಯಿದ್ದೂ ‘ಪೋಸ್ಟ್’ ಹೆಸರಿಲ್ಲದ ಕಾಗದ ಸಬ್ ಆಫೀಸಿನವರೆಗೆ ನೇರ ಬಂದು ಅಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ವಿಂಗಡಿಸುವವರ ಮುಂದೆ ಒಂದೊಂದು ಬ್ರಾಂಚಿಗೆ ಒಂದೊಂದು ಗೂಡು. ಲಕೋಟೆ ಎತ್ತಿ, ‘ಪೋಸ್ಟ್’ ಅನ್ನುವ ಪದದ ಮುಂದಿನ ಹೆಸರಿನ ಮೇಲೆ ಕಣ್ಣಾಡಿಸಿ, ಗೂಡಿಗೆ ಹಾಕುತ್ತಾರೆ. ಆ ಹೆಸರು ಇದ್ದರೆ ಎರಡು ಸೆಕೆಂಡಿನ ಕೆಲಸ. ಇಲ್ಲದಿದ್ದರೆ ಅದು ಮೇಜಿನ ಪಕ್ಕದ ಕಟ್ಟಿಗೆ ಹೋಗುತ್ತದೆ. ಯಾರಾದರೂ ಹಳಬರು ಬಂದು ‘ಇದು ಇಂಥ ಕಡೆಯದು’ ಎಂದು ಹೇಳುವವರೆಗೆ ಅಲ್ಲೇ ಇರುತ್ತದೆ.

ಪೋಸ್ಟಿನ ಊರು ಮತ್ತು ನಾವಿರುವ ಗ್ರಾಮ ಒಂದೇ ಆಗಿರಬೇಕೆಂದಿಲ್ಲ. ಪಹಣಿಯಲ್ಲಿರುವ ಗ್ರಾಮದ ಹೆಸರು ಒಂದು, ಪಂಚಾಯ್ತಿ ಇನ್ನೊಂದು, ಪೋಸ್ಟ್ ಮೂರನೆಯದು. ಹಳ್ಳದ ಈಚೆಯ ಮನೆಗಳಿಗೆ ಒಂದು ಪೋಸ್ಟ್, ಆಚೆಯ ಮನೆಗಳಿಗೆ ಬೇರೆ ಪೋಸ್ಟ್ ಇರುವುದೂ ಮಾಮೂಲು, ಏಕೆಂದರೆ ಮಳೆಗಾಲದಲ್ಲಿ ಕಾಲುಸಂಕ ದಾಟಿ ಬರಲಾಗದು. ಆದ್ದರಿಂದ ವಿಳಾಸ ಬರೆಯುವ ಕ್ರಮ ಹೀಗಿರಲಿ. ಮೊದಲ ಸಾಲಿನಲ್ಲಿ ಹೆಸರು, ಜೊತೆಗೆ ತಂದೆಯ ಅಥವಾ ಗಂಡನ ಹೆಸರು. ಒಂದೇ ಊರಿನಲ್ಲಿ ನಾಲ್ಕು ಗಣಪತಿ ಹೆಗಡೆ, ಮೂರು ಮಂಜುನಾಥ ಗೌಡ ಇರುವ ಕಡೆ ಇದನ್ನು ಬಿಟ್ಟರೆ ಪತ್ರ ಹತ್ತಿರದ ಮನೆಗೆ ಹೋಗುತ್ತದೆ. ಎರಡನೆಯ ಸಾಲಿನಲ್ಲಿ ಮನೆಯ ಹೆಸರು, ಕೇರಿ ಅಥವಾ ಮಜರೆ, ಗ್ರಾಮ. ಮೂರನೆಯ ಸಾಲು ‘ಪೋಸ್ಟ್:’ ಎಂದು ಆರಂಭವಾಗಿ ಬ್ರಾಂಚ್ ಆಫೀಸಿನ ಹೆಸರು. ನಾಲ್ಕರಲ್ಲಿ ‘ವಯಾ:’ ಎಂದು ಸಬ್ ಆಫೀಸು. ಐದರಲ್ಲಿ ತಾಲ್ಲೂಕು, ಜಿಲ್ಲೆ. ಕೊನೆಗೆ ಕರ್ನಾಟಕ, ಆರಂಕಿಯ ಪಿನ್. ಫೋನ್ ನಂಬರು ಲಕೋಟೆಯ ಎಡ ಕೆಳಮೂಲೆಗೆ ಹೋಗಲಿ, ಪಿನ್ನಿನ ಪಕ್ಕ ಬೇಡ. ಅಂಕಿಗಳೆಲ್ಲ ಒಂದೇ ಕಡೆ ಗುಂಪಾದರೆ ಕಣ್ಣು ತಪ್ಪುತ್ತದೆ.

ಲಿಪಿಯ ಬಗ್ಗೆಯೂ ಒಂದು ಮಾತು. ರಾಜ್ಯದೊಳಗೆ ಓಡಾಡುವ ಕಾಗದಕ್ಕೆ ಪೂರ್ತಿ ಕನ್ನಡ ವಿಳಾಸ ಧಾರಾಳವಾಗಿ ಸಾಕು, ಹಳ್ಳಿಯ ಕೊನೆಯಲ್ಲಿ ಅದೇ ಹೆಚ್ಚು ಅನುಕೂಲ. ಕೇರಿಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಳ, ಣ, ದೀರ್ಘ ಎಲ್ಲವೂ ಕಳೆದುಹೋಗಿ ಎರಡು ಊರು ಒಂದಾಗಿಬಿಡುತ್ತವೆ. ಹೊರರಾಜ್ಯದಿಂದ ಬರುವುದಾದರೆ ಪೋಸ್ಟ್, ಜಿಲ್ಲೆ, ರಾಜ್ಯ ಇಂಗ್ಲಿಷಿನಲ್ಲೂ ಇರಲಿ. ಪಿನ್ನನ್ನು ಮಾತ್ರ ಯಾವಾಗಲೂ 1, 2, 3 ಅಂಕಿಗಳಲ್ಲೇ ಬರೆಯಿರಿ. ಕನ್ನಡ ಅಂಕಿ ಓದಲು ಬಾರದವರ ಕೈದಾಟಿಯೇ ಅದು ಬರಬೇಕು.

ಜಿಲ್ಲೆಯ ಹೆಸರನ್ನು ‘ಉ.ಕ.’ ಎಂದು ಮೊಟಕು ಮಾಡುವ ಹಳೆಯ ರೂಢಿಯೊಂದಿದೆ. ಕನ್ನಡದಲ್ಲಿ ಇದು ನಿರಪಾಯ. ಅದನ್ನೇ ಇಂಗ್ಲಿಷಿನಲ್ಲಿ ‘ಯು.ಕೆ.’ ಎಂದು ಬರೆದರೆ ಓದುವವರಿಗೆ ಅದು ಬ್ರಿಟನ್. ಅಮೆರಿಕದಿಂದಲೋ ಕೊಲ್ಲಿಯಿಂದಲೋ ಮನೆಗೆ ಕಾಗದ, ಪಾರ್ಸೆಲ್ ಕಳಿಸುವ ಮಕ್ಕಳು ಜಿಲ್ಲೆಯ ಹೆಸರನ್ನು ಪೂರ್ತಿ ಬರೆದು, ಕಟ್ಟಕಡೆಯ ಸಾಲಿನಲ್ಲಿ ದೇಶದ ಹೆಸರನ್ನೊಂದನ್ನೇ ದೊಡ್ಡಕ್ಷರದಲ್ಲಿ ಬರೆಯುವುದು ಒಳ್ಳೆಯದು.

ಪಿನ್ ಪರಿಶೀಲನೆಗೆ ಅಂಚೆ ಇಲಾಖೆಯ ಜಾಲತಾಣದ ಹುಡುಕಾಟವೇ ಗಟ್ಟಿ. ಕಚೇರಿಯ ಹೆಸರು ಕೊಟ್ಟರೆ ಅದು ಪ್ರಧಾನ ಕಚೇರಿಯೋ ಸಬ್ ಆಫೀಸೋ ಬ್ರಾಂಚೋ, ಬಟವಾಡೆ ಇದೆಯೋ ಇಲ್ಲವೋ, ಯಾವ ವಿಭಾಗ ಎಂದೆಲ್ಲ ಬರುತ್ತದೆ. ‘ಬಟವಾಡೆ ಇಲ್ಲ’ ಎಂದಿದ್ದರೆ ಆ ಹೆಸರನ್ನು ವಿಳಾಸದಲ್ಲಿ ಹಾಕಬೇಡಿ. ಅದು ಟಪಾಲು ತೆಗೆದುಕೊಳ್ಳುತ್ತದೆ, ಹಂಚುವುದಿಲ್ಲ. ಆದರೆ ಬ್ರಾಂಚ್ ಆಫೀಸುಗಳನ್ನು ಒಂದು ಸಬ್ ಆಫೀಸಿನಿಂದ ಇನ್ನೊಂದಕ್ಕೆ ವರ್ಗಾಯಿಸುವುದುಂಟು. ಆಗ ಮನೆ ಕದಲದಿದ್ದರೂ ಪಿನ್ ಬದಲಾಗುತ್ತದೆ. ಹಾಗಾಗಿ ಬ್ರಾಂಚ್ ಪೋಸ್ಟ್ ಮಾಸ್ತರರ ಹತ್ತಿರ ಮೂರು ವಿಷಯ ಬಾಯಿಬಿಟ್ಟು ಕೇಳಿ: ಕಚೇರಿಯ ಹೆಸರಿನ ಅಧಿಕೃತ ಇಂಗ್ಲಿಷ್ ಕಾಗುಣಿತ, ಈಗ ಚೀಲ ಬರುವ ಸಬ್ ಆಫೀಸು, ಅದರ ಪಿನ್.

ಇನ್ನು ಆನ್‌ಲೈನ್ ಅಂಗಡಿಗಳ ಫಾರ್ಮುಗಳು. ಪಿನ್ ತುಂಬಿದ ಕೂಡಲೇ ಊರಿನ ಹೆಸರನ್ನು ತಾವೇ ತುಂಬುತ್ತವೆ. ಆ ಪಿನ್‌ಗೆ ಸೇರಿದ ಪಟ್ಟಿಯ ಯಾವುದೋ ಒಂದು ಹಳ್ಳಿ ಅಲ್ಲಿ ಬಂದು ಕೂರುತ್ತದೆ. ಅದನ್ನು ತಿದ್ದಲು ಬಿಡದಿದ್ದರೆ ಮೊದಲ ಸಾಲಿನಲ್ಲೇ ‘ಪೋಸ್ಟ್: ಇಂಥದ್ದು’ ಎಂದು ಬರೆಯಿರಿ. ‘ಲ್ಯಾಂಡ್‌ಮಾರ್ಕ್’ ಅನ್ನುವ ಖಾನೆಗೆ ದೇವಸ್ಥಾನದ ಹೆಸರಿಗಿಂತ ಬಸ್ ನಿಲ್ಲುವ ಕ್ರಾಸಿನ ಹೆಸರು, ಅಲ್ಲಿಂದ ಎಷ್ಟು ಕಿಲೋಮೀಟರ್, ಎಡವೋ ಬಲವೋ ಅನ್ನುವುದು ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಖಾಸಗಿ ಕೊರಿಯರ್‌ಗಳು ಪಿನ್ ನೋಡಿ ‘ಸೇವೆ ಇದೆ’ ಎಂದು ಒಪ್ಪಿಕೊಳ್ಳುತ್ತವೆ, ಆಮೇಲೆ ಪೇಟೆಗೆ ಬಂದು ತೆಗೆದುಕೊಂಡು ಹೋಗಿ ಎನ್ನುತ್ತವೆ. ಒಂದು ಪಿನ್ ಎಷ್ಟು ದೂರದ ಹಳ್ಳಿಗಳನ್ನು ಹೊದ್ದಿದೆ ಎಂಬುದು ಅವರ ಲೆಕ್ಕದಲ್ಲಿಲ್ಲ. ಮಾರುವವರು ಅಂಚೆಯ ಮೂಲಕ ಕಳಿಸುವ ಆಯ್ಕೆ ಕೊಟ್ಟರೆ ಘಟ್ಟದ ಮೇಲಿನವರಿಗೆ ಅದೇ ಲೇಸು.

ಬ್ರಾಂಚ್ ಆಫೀಸಿನ ಬಟವಾಡೆಗೆ ನಾಲ್ಕೂವರೆ ಕೊಟ್ಟದ್ದು ಸುಮ್ಮನೆ ಅಲ್ಲ. ಅದನ್ನು ನಡೆಸುವ ಗ್ರಾಮೀಣ ಡಾಕ್ ಸೇವಕರ ಕೆಲಸದ ಹೊತ್ತು ಲೆಕ್ಕದಲ್ಲಿ ದಿನಕ್ಕೆ ನಾಲ್ಕೈದು ತಾಸು. 2018ರ ಪರಿಷ್ಕರಣೆಯಂತೆ ನಾಲ್ಕು ತಾಸಿನ ಸಹಾಯಕ ಬ್ರಾಂಚ್ ಪೋಸ್ಟ್ ಮಾಸ್ತರರ ಮೂಲ ಭತ್ಯೆ 10 ಸಾವಿರ, ಬ್ರಾಂಚ್ ಪೋಸ್ಟ್ ಮಾಸ್ತರರದ್ದು 12 ಸಾವಿರ. ಅಷ್ಟರಲ್ಲಿ ಚೀಲ ತರುವುದು, ಖಾತೆ ನೋಡುವುದು, ದಣಪೆ (ಬೇಲಿಯ ಬಾಗಿಲು) ದಾಟಿ, ಜಿಗಣೆ ಕೊಡವಿಕೊಂಡು ಮನೆಮನೆಗೆ ಹೋಗುವುದು ಎಲ್ಲ ಆಗಬೇಕು. ವಿಳಾಸದ ಅರ್ಧ ಅವರ ತಲೆಯಲ್ಲಿದೆ: ಯಾರ ಮನೆ ಮೇಲಿನ ಕೇರಿ, ಯಾರು ಮಗಳ ಮನೆಗೆ ಹೋಗಿದ್ದಾರೆ, ಯಾರ ಪೆನ್ಷನ್ ಯಾವ ಹೊತ್ತಿಗೆ ಒಯ್ದರೆ ಸಿಗುತ್ತಾರೆ. ಆ ತಿಳಿವಳಿಕೆಗೆ ಇಲಾಖೆ ಕೊಡುವ ಬೆಲೆ ತೀರಾ ಕಡಿಮೆ ಅನ್ನುವುದನ್ನು ಇಲ್ಲಿ ಹೇಳದೆ ಬಿಡಲಾಗದು. ಅರ್ಧ ಅಂಕ ಕಳೆದದ್ದೂ ಈ ಕಾರಣಕ್ಕೇ. ಅವರು ರಜೆ ಹಾಕಿದ ವಾರ, ಬದಲಿಗೆ ಬಂದವರಿಗೆ ಕಾಗದದ ಮೇಲಿನ ವಿಳಾಸವೊಂದೇ ಗತಿ.

ಡಿಜಿಪಿನ್ ಕೆಲಸಕ್ಕೆ ಬರುವುದು ಈ ಜಾಗದಲ್ಲಿ. ಅಂಚೆ ಇಲಾಖೆ ಐಐಟಿ ಹೈದರಾಬಾದ್ ಮತ್ತು ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೊತೆ ಸೇರಿ ಇದನ್ನು ರೂಪಿಸಿ 2025ರ ಮೇ ತಿಂಗಳಲ್ಲಿ ಹೊರತಂದಿತು. ಇದರ ಹಿಂದೆ ಯಾವ ಕಚೇರಿಯ ಪಟ್ಟಿಯೂ ಇಲ್ಲ, ಅಕ್ಷಾಂಶ ರೇಖಾಂಶದ ಲೆಕ್ಕ ಮಾತ್ರ. ದೇಶವನ್ನೆಲ್ಲ ಒಳಗೊಂಡ 36 ಡಿಗ್ರಿಯ ಚೌಕವನ್ನು ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು, ಹೀಗೆ 16 ಚೌಕ ಮಾಡಿ ಒಂದೊಂದಕ್ಕೆ ಒಂದು ಚಿಹ್ನೆ ಕೊಡುತ್ತಾರೆ. ಆ ಚೌಕವನ್ನು ಮತ್ತೆ 16 ಮಾಡುತ್ತಾರೆ. ಹೀಗೆ ಹತ್ತು ಸಲ. ಐದನೆಯ ಚಿಹ್ನೆಗೆ ಚೌಕ ಸುಮಾರು 4 ಕಿಲೋಮೀಟರ್, ಆರಕ್ಕೆ 1 ಕಿಲೋಮೀಟರ್, ಏಳಕ್ಕೆ 250 ಮೀಟರ್, ಎಂಟಕ್ಕೆ 60 ಮೀಟರ್, ಒಂಬತ್ತಕ್ಕೆ 15 ಮೀಟರ್, ಹತ್ತಕ್ಕೆ 4 ಮೀಟರಿಗೂ ಸ್ವಲ್ಪ ಕಡಿಮೆ.

ಇಲ್ಲೂ ಮೊದಲ ಅಕ್ಷರ ನೋಡಿ ಜಿಲ್ಲೆ ಊಹಿಸುವಂತಿಲ್ಲ. ಕರ್ನಾಟಕದ ಮಲೆನಾಡೆಲ್ಲ 4ರಿಂದ ಆರಂಭ. ಎರಡನೆಯ ಚಿಹ್ನೆ ಬದಲಾಗುವ ಒಂದು ಗೆರೆ 74.75 ರೇಖಾಂಶದ ಮೇಲೆ, ಉತ್ತರ ಕನ್ನಡದ ಮೈಮೇಲೇ ಹಾದುಹೋಗಿದೆ. ಗೆರೆಯ ಪೂರ್ವಕ್ಕಿರುವ ಶಿರಸಿ ಪೇಟೆ 44, ಪಶ್ಚಿಮದ ಕಾರವಾರ 4ಕೆ. ಆಗುಂಬೆ, ಮಡಿಕೇರಿ 4ಎಂ. ಗೆರೆಯ ಎರಡು ಬದಿಯ ಅಕ್ಕಪಕ್ಕದ ಮನೆಗಳಿಗೆ ಎರಡನೆಯ ಚಿಹ್ನೆಯಿಂದಲೇ ಬೇರೆ ಬೇರೆ ಕೋಡ್ ಬಂದರೆ ಗಾಬರಿ ಬೇಡ.

ಕೋಡ್ ತೆಗೆಯುವಾಗ ಆಗುವ ತಪ್ಪು ಕಾಡಿನದ್ದೇ. ಹೆಬ್ಬಲಸು, ಮಾವಿನ ಮರಗಳ ಕೆಳಗೆ, ಹಂಚಿನ ಮಾಡಿನೊಳಗೆ ನಿಂತರೆ ಮೊಬೈಲಿನ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಸುಲಭವಾಗಿ ತಪ್ಪುತ್ತದೆ. ಆಗ ಕೊನೆಯ ಒಂದೆರಡು ಚಿಹ್ನೆಗೆ ಅರ್ಥವೇ ಇಲ್ಲ. ಅಂಗಳದ ನಡುವೆ, ಆಕಾಶ ಕಾಣುವ ಕಡೆ ನಿಂತು, ಲೊಕೇಶನ್ ಅನುಮತಿ ಕೊಟ್ಟು, ಎರಡು ನಿಮಿಷ ಕಾದು ಓದಿಕೊಳ್ಳಿ. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ತೆಗೆದು, ಮೊದಲ ಎಂಟು ಚಿಹ್ನೆ ಮೂರರಲ್ಲೂ ಒಂದೇ ಇದ್ದರೆ ಅದನ್ನು ನಂಬಬಹುದು. ಚೌಕದ ಅಂಚಿಗೇ ಮನೆಯಿದ್ದರೆ ಎಂಟನೆಯದೂ ಹೊಯ್ದಾಡೀತು. ಆಗ ನಕ್ಷೆಯಲ್ಲಿ ಮನೆಯ ಮಾಡನ್ನೇ ಒತ್ತಿ ಬಂದ ಕೋಡ್ ಇಟ್ಟುಕೊಳ್ಳಿ. ಒಂಟಿ ಮನೆಗೆ 60 ಮೀಟರ್ ಚೌಕ ಧಾರಾಳ ಸಾಕು.

ದೊಡ್ಡ ಕೊರತೆ ಎಂದರೆ ಡಿಜಿಪಿನ್‌ಗೆ ದಾರಿ ಗೊತ್ತಿಲ್ಲ. ಅಘನಾಶಿನಿ ಕಣಿವೆಯ ಎದುರು ದಿಬ್ಬದ ಮನೆ ನಕ್ಷೆಯಲ್ಲಿ ಕಣ್ಣಳತೆಯಲ್ಲೇ ಕಾಣುತ್ತದೆ, ರಸ್ತೆ ಹಿಡಿದರೆ ಸುತ್ತಿ ಬರಬೇಕು. ಇದಕ್ಕೆ ಪರಿಹಾರ ಎರಡು ಕೋಡ್: ಮನೆಯದ್ದೊಂದು, ವಾಹನ ಬಂದು ನಿಲ್ಲುವ ಜಾಗದ್ದೊಂದು. ಎರಡನ್ನೂ ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಗ್ಯಾಸಿನವರಿಗೂ, ಹೊತ್ತಲ್ಲದ ಹೊತ್ತಿನಲ್ಲಿ ಆಂಬುಲೆನ್ಸಿಗೂ ಅದೇ ಬೇಕು. ಫೋನಿನಲ್ಲಿ ಹೇಳುವಾಗ ಮಾತ್ರ ಎಚ್ಚರ. ಸೊನ್ನೆ, ಒಂದು ಮೊದಲಾದ ಗೊಂದಲದ ಚಿಹ್ನೆಗಳನ್ನು ಮೊದಲೇ ಬಿಟ್ಟಿದ್ದಾರೆ, ಒಳ್ಳೆಯದೇ. ಆದರೂ ಉಳಿದವುಗಳಲ್ಲಿ ಸಿ, ಪಿ, ಟಿ ಮೂರೂ, ಜೆ, ಕೆ ಎರಡೂ ನೆಟ್‌ವರ್ಕ್ ಕಡಿಯುವ ಕಡೆ ಒಂದೇ ಥರ ಕೇಳುತ್ತವೆ. ಮೆಸೇಜ್ ಮಾಡುವುದೇ ವಾಸಿ. ಮತ್ತೆ, ಡಿಜಿಪಿನ್ ಬರೆದೆವೆಂದು ಪಿನ್‌ಕೋಡ್ ಬಿಡುವ ಹಾಗಿಲ್ಲ. ಚೀಲ ಕಟ್ಟುವುದು ಇವತ್ತಿಗೂ ಆ ಆರು ಅಂಕಿಯ ಮೇಲೇ.

ಕಳಿಸುವ ಬಗೆಗಳಲ್ಲಿ 2025ರಲ್ಲಿ ದೊಡ್ಡ ಬದಲಾವಣೆ ಆಯಿತು. ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿತು; ಅಕ್ಟೋಬರ್ 1ರಿಂದ 50 ಗ್ರಾಂವರೆಗಿನ ಲಕೋಟೆಗೆ ಸ್ಥಳೀಯವಾಗಿ 19 ರೂಪಾಯಿ, ಹೊರಗೆ 47 ರೂಪಾಯಿ, ಜಿಎಸ್‌ಟಿ ಬೇರೆ. ನೋಂದಣಿಗೆ, ಒಟಿಪಿ ಬಟವಾಡೆಗೆ ತಲಾ 5 ರೂಪಾಯಿ ಹೆಚ್ಚು. ಸಿಗ್ನಲ್ ಇಲ್ಲದ ಕಣಿವೆಯ ಮನೆಗೆ ಒಟಿಪಿ ಆಯ್ಕೆ ಹಾಕಬೇಡಿ. ಸಂದೇಶ ಬಾರದೆ ಕಾಗದ ಮರಳಿ ಹೋಗುತ್ತದೆ. ನೋಂದಣಿಯ ಸಹಿಯೇ ಸಾಕು. ಟ್ರ್ಯಾಕಿಂಗಿನಲ್ಲಿ ಕಾಗದ ಬ್ರಾಂಚಿನಲ್ಲೇ ಇದೆ ಎಂದು ತೋರಿಸುತ್ತಿದ್ದರೂ ಅಷ್ಟರಲ್ಲಿ ಅದು ಮನೆ ಸೇರಿರಬಹುದು, ಏಕೆಂದರೆ ಮಾಹಿತಿ ಏರುವುದು ಸಿಗ್ನಲ್ ಸಿಕ್ಕ ಮೇಲೆ. ಮನೆಗೆ ಬೀಗವಿದ್ದರೆ ಸಾಮಾನ್ಯವಾಗಿ ಏಳು ದಿನ ಇಟ್ಟುಕೊಂಡು ಹಿಂದಕ್ಕೆ ಕಳಿಸುತ್ತಾರೆ. ಊರಿಗೆ ಹೋಗುವ ಮುಂಚೆ ಒಂದು ಚೀಟಿ ಬರೆದು ಕೊಟ್ಟು ಹೋಗುವುದು ಉತ್ತಮ.

ಮಳೆಗಾಲದ ಲೆಕ್ಕವೇ ಬೇರೆ. 2021ರ ಜುಲೈನಲ್ಲಿ ಅರಬೈಲ್ ಘಟ್ಟ ಕುಸಿದಾಗ ಯಲ್ಲಾಪುರ ಮತ್ತು ಅಂಕೋಲಾ ನಡುವಿನ ಹೆದ್ದಾರಿಯೇ ಕಡಿದುಹೋಗಿತ್ತು, ಕಳಚೆಯಂಥ ಊರುಗಳಿಗೆ ಕಾಲುದಾರಿಯೂ ಉಳಿಯಲಿಲ್ಲ. ಘಟ್ಟದ ಮೇಲಿನ ಟಪಾಲು ಹುಬ್ಬಳ್ಳಿ ಕಡೆಯಿಂದ ಬರುವುದರಿಂದ ಕರಾವಳಿಯ ದಾರಿ ಮುಚ್ಚಿದರೂ ಪೂರ್ತಿ ನಿಲ್ಲುವುದಿಲ್ಲ. ಆದರೆ ಕುಮಟಾದಿಂದ ಶಿರಸಿಗೆ ಹೊರಟದ್ದು ತಡವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊನೆಯ ದಿನಾಂಕವಿರುವ ಅರ್ಜಿಗಳನ್ನು ಒಂದು ವಾರ ಮುಂಚೆ ಹಾಕಿ. ವಿಳಾಸ ಬಾಲ್‌ಪೆನ್ನಿನಲ್ಲಿ ಬರೆಯಿರಿ. ಜೆಲ್ ಪೆನ್ನಿನ ಶಾಯಿ ಒಂದು ಹನಿ ಬಿದ್ದರೂ ಹರಡಿ, ಪಿನ್ನಿನ 3 ಯಾವುದು 8 ಯಾವುದು ತಿಳಿಯದಾಗುತ್ತದೆ. ಅಕ್ಷರದ ಮೇಲೆ ಅಗಲದ ಪಾರದರ್ಶಕ ಟೇಪ್ ಎಳೆದರೆ ಇನ್ನೂ ಭದ್ರ. ಪಾರ್ಸೆಲ್ಲಿನೊಳಗೂ ಒಂದು ವಿಳಾಸದ ಚೀಟಿ ಇಡಿ. ಬೆಂಗಳೂರಿನ ಮಕ್ಕಳಿಗೆ ಅಪ್ಪೆಮಿಡಿ ಉಪ್ಪಿನಕಾಯಿಯೋ ಜೋನಿಬೆಲ್ಲವೋ ಕಳಿಸುವುದಾದರೆ ಸ್ಕ್ರೂ ಮುಚ್ಚಳದ ಡಬ್ಬಿ, ಮುಚ್ಚಳದ ಸುತ್ತ ಟೇಪ್, ಎರಡು ಪ್ಲಾಸ್ಟಿಕ್ ಚೀಲ, ಸುತ್ತಲೂ ಹೀರುವಷ್ಟು ಹಳೆ ಪೇಪರ್ ಅಥವಾ ಬಟ್ಟೆ. ಒಂದು ಡಬ್ಬಿ ಸೋರಿದರೆ ಅದೇ ಚೀಲದಲ್ಲಿರುವ ಇನ್ನೊಬ್ಬರ ಅಂಕಪಟ್ಟಿ ಹಾಳು.

ಮನೆ ರಸ್ತೆಯಿಂದ ದೂರವಿದ್ದರೆ ದಣಪೆಯ ಹತ್ತಿರ ಒಂದು ಟಪಾಲು ಡಬ್ಬಿ ಇಟ್ಟುಕೊಳ್ಳಿ. ತಗಡಿನದು ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ಮರದ್ದಕ್ಕೆ ವರಲೆ. ಆರಿಂಚಿನ ಪಿವಿಸಿ ಪೈಪು ಒಂದೂವರೆ ಅಡಿ ಕತ್ತರಿಸಿ, ಹಿಂದಿನ ಬಾಯಿಗೆ ಕ್ಯಾಪ್ ಅಂಟಿಸಿ, ಮುಂದಿನದಕ್ಕೆ ತಿರುಗಿಸಿ ತೆಗೆಯುವ ಕ್ಯಾಪ್ ಹಾಕಿ. ಬಾಯಿ ಒಂದಿಷ್ಟು ಕೆಳಗೆ ಬಾಗಿರುವಂತೆ ಎದೆಮಟ್ಟದಲ್ಲಿ ಕಂಬಕ್ಕೆ ಕಟ್ಟಿ, ತಳಭಾಗದಲ್ಲಿ ನೀರು ಇಳಿಯಲು ಎರಡು ಸಣ್ಣ ತೂತು ಕೊರೆಯಿರಿ. ಮೇಲೆ ಹೆಸರು, ತಂದೆಯ ಹೆಸರು, ಕೇರಿ ಬರೆದಿರಲಿ, ಇರುವೆಗೆ ಒಳಗೆ ಎರಡು ಡಾಂಬರು ಗುಳಿಗೆ ಇರಲಿ. ಬ್ಯಾಂಕಿನ ಲಕೋಟೆ, ಸುರುಳಿ ಸುತ್ತಿದ ವಾರಪತ್ರಿಕೆ ಆರಾಮವಾಗಿ ಹಿಡಿಯುತ್ತವೆ. ಸಹಿ ಬೇಕಾದ ಟಪಾಲನ್ನು ಇದರಲ್ಲಿ ಬಿಟ್ಟು ಹೋಗಿ ಎಂದು ಅಂಚೆಯವರನ್ನು ಒತ್ತಾಯಿಸಬೇಡಿ. ಅದು ಕಳೆದರೆ ಉತ್ತರ ಕೊಡಬೇಕಾದವರು ಅವರು.